ಚಳಿ ಮುರಿದ ರಾತ್ರಿ: ಬಂಗಾಳಕೊಲ್ಲಿಯ ಚಂಡಮಾರುತವನ್ನು ವಿಜಯಪುರದ ಮಾಳಿಗೆಯಿಂದ ನೋಡುವುದು

ನವೆಂಬರ್ ಕೊನೆಯ ವಾರ. ಬೆಳಗ್ಗೆ ಆರಕ್ಕೆ ಮಾಳಿಗೆ ಹತ್ತಿ ಥರ್ಮಾಮೀಟರ್ ನೋಡಿದೆ. ನಾಲ್ಕು ದಿನದಿಂದ 11, 12ರ ಆಸುಪಾಸು ಇದ್ದ ಕನಿಷ್ಠ ತಾಪಮಾನ ಅವತ್ತು 18ಕ್ಕೆ ಏರಿತ್ತು. ಸ್ವೆಟರ್ ಬಿಚ್ಚಿ ಗೋಡೆಯ ಮೇಲೆ ಇಟ್ಟೆ. ಅಷ್ಟರಲ್ಲಿ ಪಕ್ಕದ ಟಿಕೋಟಾದಿಂದ ಮಾಮಾನ ಫೋನ್.

“ಅಳಿಯಾ, ಚಳಿ ಮುರದೈತಿ. ಮಳಿ ಬರತೈತೇನು?”

ಮಾಮಾನ ಹತ್ತಿರ ಥರ್ಮಾಮೀಟರ್ ಇಲ್ಲ. ಉಪಗ್ರಹದ ಚಿತ್ರ ನೋಡುವ ಅಭ್ಯಾಸವೂ ಇಲ್ಲ. ರಾತ್ರಿ ಪಡ, ಅಂದರೆ ದ್ರಾಕ್ಷಿ ತೋಟ, ಕಾಯಲು ಹೋದಾಗ ಕಂಬಳಿ ಬೇಕಾಗಲಿಲ್ಲ, ಅಷ್ಟೇ ಅವನಿಗೆ ಸಿಕ್ಕ ಸುಳಿವು. ಆ ಸುಳಿವು ಸರಿಯಾಗಿಯೇ ಇತ್ತು. ನಮ್ಮ ಕಡೆ ಚಳಿಗಾಲದ ರಾತ್ರಿ ಆಕಾಶ ಬರಿದಾಗಿರುತ್ತದೆ, ಗಾಳಿ ಒಣಗಿರುತ್ತದೆ. ಹಗಲು ಕಾದ ಕರಿ ನೆಲ ತನ್ನ ಕಾವನ್ನೆಲ್ಲ ರಾತ್ರಿ ಆಕಾಶಕ್ಕೆ ಬಿಟ್ಟುಬಿಡುತ್ತದೆ. ಅದಕ್ಕೇ ವಿಜಯಪುರದಲ್ಲಿ ಒಮ್ಮೊಮ್ಮೆ 10 ಡಿಗ್ರಿಗಿಂತ ಕೆಳಗೆ ಇಳಿಯುವುದು. ಮೇಲೆ ಮೋಡ ಬಂದರೆ, ಅಥವಾ ಗಾಳಿಯಲ್ಲಿ ತೇವ ಏರಿದರೆ, ಆ ಕಾವು ಅಲ್ಲೇ ಸಿಕ್ಕಿಕೊಂಡು ಕೆಳಗೆ ವಾಪಸ್ ಬರುತ್ತದೆ. ಆಕಾಶಕ್ಕೇ ಕಂಬಳಿ ಹೊದಿಸಿದ ಹಾಗೆ. ಹೀಗಾಗಿ ಮಳೆಯ ಮೊದಲ ಸುದ್ದಿ ನಮಗೆ ಗುಡುಗಿನಲ್ಲಿ ಬರುವುದಿಲ್ಲ. ಬೆಚ್ಚಗಿನ ರಾತ್ರಿಯಲ್ಲಿ ಬರುತ್ತದೆ.

ಆ ವಾರ ಬಂಗಾಳಕೊಲ್ಲಿಯಲ್ಲಿ ಚೆನ್ನೈ ಎದುರಿಗೆ ಒಂದು ವಾಯುಭಾರ ಕುಸಿತ ಕೂತಿತ್ತು. ನಮ್ಮಂಥ ನಾಲ್ಕೈದು ಜನ ಮೋಡದ ಹುಚ್ಚರು ವಾರದಿಂದ ಅದನ್ನೇ ನೋಡುತ್ತಿದ್ದೆವು. ಒಬ್ಬ ರಾಯಚೂರಿನವನು, ಒಬ್ಬ ಮುದ್ದೇಬಿಹಾಳದವನು, ಒಬ್ಬ ಇಂಡಿಯಲ್ಲಿ ಅಂಗಡಿ ಇಟ್ಟುಕೊಂಡವನು. ನಮ್ಮಲ್ಲಿ ಯಾರೂ ಹವಾಮಾನ ಓದಿದವರಲ್ಲ. ನೋಡುತ್ತ ನೋಡುತ್ತ ಕಲಿತವರು, ತಪ್ಪು ಹೇಳಿ ಬೈಸಿಕೊಂಡವರು. ಹಾಗೆ ಕಲಿತಿದ್ದರಲ್ಲಿ ಒಂದಿಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಷ್ಟು ದೂರದವರಿಗೆ ಯಾಕೆ ಉಸಾಬರಿ?

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲದ ಬಿರುಗಾಳಿ ಅಂದರೆ ಹಿಮದ ಬಿರುಗಾಳಿ. ನಮ್ಮ ಚಳಿಗಾಲದ ಬಿರುಗಾಳಿ ಹುಟ್ಟುವುದು ಬೆಚ್ಚಗಿನ ಸಮುದ್ರದಲ್ಲಿ. ಮುಂಗಾರು ಹಿಂದೆ ಸರಿದ ಮೇಲೆ, ಅಕ್ಟೋಬರ್‌ನಿಂದ ಡಿಸೆಂಬರ್ ತನಕ, ಬಂಗಾಳಕೊಲ್ಲಿಯಲ್ಲಿ ಚಂಡಮಾರುತಗಳ ಕಾಲ. ಅದರಲ್ಲೂ ನವೆಂಬರ್, ಡಿಸೆಂಬರ್‌ನಲ್ಲಿ ಅವು ಹೆಚ್ಚಾಗಿ ತಮಿಳುನಾಡು ಇಲ್ಲವೆ ಆಂಧ್ರದ ದಂಡೆಗೆ ಬರುತ್ತವೆ.

ವಿಜಯಪುರದಿಂದ ಆಂಧ್ರದ ಬಾಪಟ್ಲಾ ದಂಡೆಗೆ ನೇರ ಗೆರೆ ಎಳೆದರೆ 500 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಚೆನ್ನೈಗೆ ಸುಮಾರು 640. ನಮ್ಮದು ಸಮುದ್ರದಿಂದ ಸುಮಾರು 600 ಮೀಟರ್ ಎತ್ತರದ ಬಯಲು. ಸಹ್ಯಾದ್ರಿಯ ಮಳೆ ನೆರಳಲ್ಲಿ ಕೂತ ಊರು. ವರ್ಷದ ಮಳೆಯೇ 600 ಮಿಲಿಮೀಟರ್ ಆಸುಪಾಸು. ಅಲೆ ಬಂದು ಮನೆ ಕೊಚ್ಚಿಕೊಂಡು ಹೋಗುವ ಭಯ ನಮಗಿಲ್ಲ. ಹಾಗಿದ್ದರೂ ಟಿಕೋಟಾ, ಬಬಲೇಶ್ವರ ಕಡೆ ನವೆಂಬರ್‌ನಲ್ಲಿ ಹತ್ತು ಮಿಲಿಮೀಟರ್ ಮಳೆಗೆ ಜನ ನಿದ್ದೆ ಬಿಡುತ್ತಾರೆ.

ಕಾರಣ ದ್ರಾಕ್ಷಿ. ಇಲ್ಲಿ ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸುತ್ತಾರೆ, ಅದೇ ಚಾಟಣಿ, ಏಪ್ರಿಲ್ ಸುಮಾರಿಗೆ ಒಂದು, ಅಕ್ಟೋಬರ್ ಸುಮಾರಿಗೆ ಇನ್ನೊಂದು. ಅಕ್ಟೋಬರ್ ಚಾಟಣಿ ಆದ ಪಡ ನವೆಂಬರ್ ಕೊನೆಗೆ ಹೂವಿಗೆ ಬಂದಿರುತ್ತದೆ. ಆಗ ಎಲೆ ಕೆಲವು ತಾಸು ಒದ್ದೆಯಾಗಿ ಉಳಿದರೆ ಸಾಕು, ಡೌನಿ ರೋಗ ಒಳಗೆ ಇಳಿಯುತ್ತದೆ. ಎಲೆಯ ಅಡಿ ನೋಡಿದರೆ ಹತ್ತಿ ಅಂಟಿಸಿದ ಹಾಗೆ ಬಿಳಿ ಬೂಷ್ಟು. ಗೊಂಚಲಿಗೆ ತಗುಲಿದರೆ ಆ ಗೊಂಚಲು ಮುಗಿಯಿತು. ಹೂವು ಉದುರುವುದು ಬೇರೆ. ಎಣ್ಣೆ, ಅಂದರೆ ರೋಗದ ಔಷಧಿ, ಹೊಡೆಯಬೇಕಾದ್ದು ಮಳೆಗೆ ಮುಂಚೆ. ಹೊಡೆದ ಎರಡು ತಾಸಿಗೇ ಜೋರು ಮಳೆ ಬಂದರೆ ಎಣ್ಣೆ, ಅದನ್ನು ಸಿಂಪಡಿಸುವ ಬ್ಲೋವರ್ ಯಂತ್ರದ ಬಾಡಿಗೆ, ಡೀಸೆಲ್ ಎಲ್ಲ ನೀರುಪಾಲು. ಹೀಗಾಗಿ ಮಾಮಾನ ಪ್ರಶ್ನೆ ‘ಮಳೆ ಬರುತ್ತಾ’ ಅನ್ನುವಲ್ಲಿಗೆ ನಿಲ್ಲುವುದಿಲ್ಲ. ‘ಯಾವಾಗ, ಎಷ್ಟು, ನಡುವೆ ಎಷ್ಟು ತಾಸು ಬಿಡುವು’ ಅನ್ನುವುದೂ ಅವನಿಗೆ ಬೇಕು.

ಅದೇ ಮಳೆ ಎಲ್ಲರಿಗೂ ಒಂದೇ ಅಲ್ಲ ನೋಡಿ. ಡೋಣಿ ನದಿ ಸಾಲಿನ ಕರಿ ನೆಲದಲ್ಲಿ ಬಿಳಿಜೋಳ ಹಾಕಿದವನು ಅದನ್ನೇ ಕಾಯುತ್ತಿರುತ್ತಾನೆ. ಹಿಂಗಾರಿ ಜೋಳಕ್ಕೆ ನವೆಂಬರ್‌ನಲ್ಲಿ ಒಂದು ಹದ ಮಳೆ ಸಿಕ್ಕರೆ ಬೆಳೆ ಕೈ ಹಿಡಿಯುತ್ತದೆ. ಪಕ್ಕದ ಹೊಲದಲ್ಲಿ ಕಡಲೆ ಇದ್ದವನ ಮುಖ ಬೇರೆ. ಕಡಲೆ ಗಿಡದ ಮೇಲೆ ಬೆಳಗಿನ ಹೊತ್ತು ಹುಳಿ ಕೂತಿರುತ್ತದೆ. ಹಿಂದೆ ರಾತ್ರಿ ಬಟ್ಟೆ ಹಾಸಿ ಇಬ್ಬನಿಯ ಜೊತೆ ಆ ಹುಳಿ ಹಿಡಿಯುತ್ತಿದ್ದರು. ಮಳೆ ಬಿದ್ದರೆ ಹುಳಿ ತೊಳೆದು ಹೋಗುತ್ತದೆ, ಬೆಳೆ ಕೆಡುತ್ತದೆ ಅನ್ನುವುದು ಅವರ ದೂರು. ತೊಗರಿ ಕೊಯ್ದು ಹೊಲದಲ್ಲೇ ಒಟ್ಟಿದವನಿಗಂತೂ ಮಳೆ ಬೇಡವೇ ಬೇಡ. ಹೀಗಾಗಿ ‘ಒಳ್ಳೆ ಸುದ್ದಿ’, ‘ಕೆಟ್ಟ ಸುದ್ದಿ’ ಅಂತ ಹೇಳುವುದನ್ನು ನಾನು ಬಿಟ್ಟಿದ್ದೇನೆ. ಎಷ್ಟು, ಯಾವಾಗ ಅಂತ ಮಾತ್ರ ಹೇಳುತ್ತೇನೆ.

ಹೆಸರು ಇದ್ದವೇ ದೊಡ್ಡವಲ್ಲ

ಟಿವಿಯಲ್ಲಿ ಹೆಸರು ಬಂತು ಅಂದ ಕೂಡಲೇ ಫೋನ್ ಶುರುವಾಗುತ್ತವೆ. ‘ಆ ಚಂಡಮಾರುತ ನಮ್ಮ ಕಡೆ ಬರತೈತಾ?’ ಇಲ್ಲಿ ಎರಡು ವಿಷಯ ಬಿಡಿಸಿ ನೋಡಬೇಕು.

ಮೊದಲು ಹೆಸರಿನ ಲೆಕ್ಕ. ಸಮುದ್ರದ ನೀರು ಸುಮಾರು 26.5 ಡಿಗ್ರಿಗಿಂತ ಬೆಚ್ಚಗಿದ್ದರೆ ಅದರಿಂದ ಏಳುವ ಆವಿ ಮೇಲೆ ಹೋಗಿ ಮೋಡವಾಗುತ್ತದೆ. ಮೋಡವಾಗುವಾಗ ಆವಿ ತನ್ನೊಳಗಿನ ಶಾಖ ಬಿಡುತ್ತದೆ. ಆ ಶಾಖಕ್ಕೆ ಗಾಳಿ ಇನ್ನೂ ಮೇಲೇರುತ್ತದೆ, ಕೆಳಗೆ ಒತ್ತಡ ಕುಸಿಯುತ್ತದೆ, ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ನುಗ್ಗುವ ಗಾಳಿ ನೇರ ಬರದೆ ಸುತ್ತಿಕೊಂಡು ಬರುತ್ತದೆ. ಸುತ್ತುವ ಗಾಳಿಯ ವೇಗ ಗಂಟೆಗೆ 31 ಕಿಲೋಮೀಟರ್ ದಾಟಿದರೆ ಭಾರತೀಯ ಹವಾಮಾನ ಇಲಾಖೆ ಅದನ್ನು ವಾಯುಭಾರ ಕುಸಿತ ಅನ್ನುತ್ತದೆ. 50ರಿಂದ 61ರ ತನಕ ತೀವ್ರ ವಾಯುಭಾರ ಕುಸಿತ. 62 ಮುಟ್ಟಿದರೆ ಮಾತ್ರ ಚಂಡಮಾರುತ, ಆಗಲೇ ಹೆಸರು. ಹೆಸರುಗಳ ಪಟ್ಟಿ ಮೊದಲೇ ಸಿದ್ಧ. 2020ರ ಏಪ್ರಿಲ್‌ನಲ್ಲಿ ಪ್ರಕಟವಾದ ಪಟ್ಟಿಯಲ್ಲಿ 13 ದೇಶಗಳು ತಲಾ 13ರಂತೆ ಕೊಟ್ಟ 169 ಹೆಸರುಗಳಿವೆ. 89ರಿಂದ ತೀವ್ರ ಚಂಡಮಾರುತ, 118ರಿಂದ ಅತಿ ತೀವ್ರ, ಹೀಗೆ ಏರುತ್ತ 221 ದಾಟಿದರೆ ಸೂಪರ್ ಸೈಕ್ಲೋನ್.

ಗಮನಿಸಿದಿರಾ? ಇದೆಲ್ಲ ಗಾಳಿಯ ಲೆಕ್ಕ. ಮಳೆಯ ಮಾತೇ ಇಲ್ಲಿಲ್ಲ. ಸಮುದ್ರದಲ್ಲಿರುವ ಮೀನುಗಾರನಿಗೆ ಗಾಳಿ ಮುಖ್ಯ. ನಮಗೆ ಬೇಕಾದ್ದು ನೀರಿನ ಲೆಕ್ಕ.

2020ನೇ ವರ್ಷವೇ ಇದಕ್ಕೆ ಒಳ್ಳೆಯ ಪಾಠ. ಆ ಅಕ್ಟೋಬರ್ 13ರ ಬೆಳಗ್ಗೆ ಆಂಧ್ರದ ಕಾಕಿನಾಡ ಹತ್ತಿರ ಒಂದು ತೀವ್ರ ವಾಯುಭಾರ ಕುಸಿತ ದಂಡೆ ದಾಟಿತು. 62 ಮುಟ್ಟಲಿಲ್ಲ, ಹೆಸರು ಸಿಗಲಿಲ್ಲ. ಆದರೆ ಅದು ತೆಲಂಗಾಣ ತುಳಿದು ಹೈದರಾಬಾದ್ ಮುಳುಗಿಸಿ, ನಮ್ಮ ಪಕ್ಕದಲ್ಲೇ ಹಾದು ಸೊಲ್ಲಾಪುರದ ಕಡೆ ಹೋಯಿತು. ಉಜ್ಜನಿ ಜಲಾಶಯದಿಂದ ನೀರು ಬಿಟ್ಟರು, ಭೀಮಾ ನದಿ ಉಕ್ಕಿತು. ಇಂಡಿ, ಚಡಚಣ, ಸಿಂದಗಿ ಕಡೆಯವರಿಗೆ ಆ ವಾರ ಇನ್ನೂ ನೆನಪಿದೆ. ಅದೇ ವರ್ಷ ನವೆಂಬರ್ 25ರ ರಾತ್ರಿ ನಿವಾರ್ ಅನ್ನುವ ದೊಡ್ಡ ಹೆಸರಿನ ಚಂಡಮಾರುತ ಪುದುಚೇರಿ ಹತ್ತಿರ ದಂಡೆಗೆ ಅಪ್ಪಳಿಸಿತು. ಟಿವಿ ತುಂಬ ಅದೇ ಸುದ್ದಿ. ಅದು ದಂಡೆ ದಾಟಿದ್ದು ನಮ್ಮಿಂದ ತೀರ ದಕ್ಷಿಣದಲ್ಲಿ, ಅದರ ಪೆಟ್ಟೂ ಅಲ್ಲಿಯವರಿಗೇ.

ನೆಲ ಹತ್ತಿದ ಮೇಲೆ ಚಂಡಮಾರುತಕ್ಕೆ ಬೆಚ್ಚಗಿನ ನೀರಿನ ಊಟ ಸಿಗುವುದಿಲ್ಲ. ಗಾಳಿ ಬೇಗ ಸಾಯುತ್ತದೆ. ಸುತ್ತು ಮತ್ತು ತೇವ ಮಾತ್ರ ಎರಡು ಮೂರು ದಿನ ಉಳಿಯುತ್ತವೆ. ಚಂಡಮಾರುತ ಅಂತ ವಿಜಯಪುರಕ್ಕೆ ಬರುವುದೇ ಇಲ್ಲ ಅಂದರೂ ನಡೆದೀತು. ಬರುವುದು ಅದು ಚಾಚಿದ ಕೈ. ಆ ಕೈ ಎತ್ತ ಚಾಚಿದೆ, ಅದರಲ್ಲಿ ನೀರಿದೆಯೋ ಒಣಗಾಳಿಯೋ ಅಂತ ನೋಡುವುದೇ ನಮ್ಮ ಕೆಲಸ.

ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ

ನಮ್ಮ ಅರ್ಧಗೋಳದಲ್ಲಿ ಕಡಿಮೆ ಒತ್ತಡದ ಸುತ್ತ ಗಾಳಿ ಗಡಿಯಾರದ ಮುಳ್ಳಿಗೆ ಉಲ್ಟಾ ಸುತ್ತುತ್ತದೆ. ಸಿದ್ಧೇಶ್ವರ ಗುಡಿಯಲ್ಲಿ ನಾವು ಹಾಕುವ ಪ್ರದಕ್ಷಿಣೆಯ ಉಲ್ಟಾ ಅಂತ ನೆನಪಿಟ್ಟುಕೊಳ್ಳಿ, ಮರೆಯುವುದಿಲ್ಲ. ಇದೊಂದು ತಿಳಿದರೆ ಅರ್ಧ ಹವಾಮಾನ ತಿಳಿದ ಹಾಗೆ.

ಈಗ ಮಾಳಿಗೆಗೆ ಹೋಗಿ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಎಡಗೈ ಪಕ್ಕಕ್ಕೆ ಚಾಚಿ, ಸ್ವಲ್ಪ ಮುಂದಕ್ಕೆ ತನ್ನಿ. ಕಡಿಮೆ ಒತ್ತಡ ಇರುವುದು ಆ ಕಡೆಗೇ. ಡಚ್ ವಿಜ್ಞಾನಿ ಬಾಯ್ಸ್ ಬ್ಯಾಲಟ್ 1857ರಲ್ಲಿ ಹೇಳಿದ ನಿಯಮ ಇದು. ಮೊಬೈಲ್ ಬೇಡ, ಕರೆಂಟ್ ಬೇಡ. ಸಂದಿಯಲ್ಲಿ ನಿಂತು ಮಾಡಬೇಡಿ, ಮನೆಗಳ ನಡುವೆ ಗಾಳಿ ದಾರಿ ತಪ್ಪುತ್ತದೆ. ಬಯಲಲ್ಲಿ ಅಥವಾ ಎತ್ತರದ ಮಾಳಿಗೆಯಲ್ಲಿ ಮಾಡಬೇಕು. ಆಗೊಮ್ಮೆ ಈಗೊಮ್ಮೆ ಗಾಳಿ ಬೀಸಿದರೆ ನಡೆಯುವುದಿಲ್ಲ, ಒಂದೇ ಸಮನೆ ಬೀಸುತ್ತಿರಬೇಕು.

ಇದನ್ನೇ ನಕ್ಷೆಯ ಮೇಲೆ ಇಟ್ಟು ನೋಡೋಣ. ಕಡಿಮೆ ಒತ್ತಡದ ಸುಳಿ ತಮಿಳುನಾಡಿನ ಮೇಲೆ ಇದ್ದರೆ ನಾವು ಅದರ ಉತ್ತರಕ್ಕೆ. ಸುಳಿಯ ಉತ್ತರದಲ್ಲಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ. ಅಂದರೆ ಬಂಗಾಳಕೊಲ್ಲಿಯ ತೇವ ಆಂಧ್ರ, ರಾಯಚೂರು ದಾಟಿ ನೇರ ನಮ್ಮ ಕಡೆ. ಮಾಮಾ ಇದನ್ನು ಮೂಡಗಾಳಿ ಅನ್ನುತ್ತಾನೆ. ಚಳಿಗಾಲದಲ್ಲಿ ಮೂಡಗಾಳಿ ಎರಡು ದಿನ ಬಿಡದೆ ಬೀಸಿದರೆ ಮೋಡ ಗ್ಯಾರಂಟಿ. ಮಳೆ ಮಾತ್ರ ಗ್ಯಾರಂಟಿ ಇಲ್ಲ, ಯಾಕೆಂದರೆ ದಾರಿಯಲ್ಲಿ ನಲ್ಲಮಲ ಬೆಟ್ಟಗಳು ಒಂದಿಷ್ಟು ನೀರು ಹಿಂಡಿಕೊಳ್ಳುತ್ತವೆ, ಒಣ ನೆಲದ ಗಾಳಿ ಒಂದಿಷ್ಟು ಕುಡಿಯುತ್ತದೆ.

ಸುಳಿ ತೆಲಂಗಾಣದ ಕಡೆಯಿಂದ ಬಂದು ನಮ್ಮ ಉತ್ತರಕ್ಕೆ ಹಾದರೆ ಕತೆ ಬೇರೆ. ಆಗ ಅದು ತನ್ನ ಮಳೆಯ ಪಟ್ಟಿಯನ್ನು ನಮ್ಮ ತಲೆಯ ಹತ್ತಿರವೇ ಎಳೆದುಕೊಂಡು ಬರುತ್ತದೆ. 2020ರ ಅಕ್ಟೋಬರ್‌ನಲ್ಲಿ ಆಗಿದ್ದು ಇದು. ಜೊತೆಗೆ ಅಕ್ಟೋಬರ್ ಮೊದಲರ್ಧದಲ್ಲಿ ನೆಲದ ಮೇಲೆ ಮುಂಗಾರಿನ ಹಸಿ ಇನ್ನೂ ಇರುತ್ತದೆ. ಡಿಸೆಂಬರ್‌ನಲ್ಲಿ ಅದೇ ಸುಳಿ ಅದೇ ದಾರಿಯಲ್ಲಿ ಬಂದರೂ ಸುತ್ತಲಿನ ಒಣಗಾಳಿ ಅದನ್ನು ಬೇಗ ಸೊರಗಿಸುತ್ತದೆ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಸುಳಿ ಸಮುದ್ರದಲ್ಲೇ ಉಳಿದು ಒಡಿಶಾ, ಬಾಂಗ್ಲಾದೇಶದ ಕಡೆ ತಿರುಗಿದರೆ ನಾವು ಅದರ ಪಶ್ಚಿಮಕ್ಕೆ ಬೀಳುತ್ತೇವೆ. ಅಲ್ಲಿ ಗಾಳಿ ಉತ್ತರದಿಂದ ದಕ್ಷಿಣಕ್ಕೆ. ಒಣಗಿದ, ತಣ್ಣನೆಯ ಗಾಳಿ. ಬಂಗಾಳಕೊಲ್ಲಿಯಲ್ಲಿ ಚಂಡಮಾರುತ ಅಂತ ಟಿವಿ ಕೂಗುತ್ತಿರುತ್ತದೆ, ನಮ್ಮಲ್ಲಿ ಆಕಾಶ ನೀಲಿ ಮತ್ತು ಚಳಿ ಇನ್ನೂ ಜಾಸ್ತಿ!

ನನ್ನ ಮರ್ಯಾದೆ ಹೋಗಿದ್ದು ಇದೇ ಕಾರಣಕ್ಕೆ. ಹವ್ಯಾಸ ಶುರುವಾದ ಹೊಸದರಲ್ಲಿ ಒಂದು ಆ್ಯಪ್ ತೆಗೆದು ನೋಡಿದರೆ, ಹತ್ತು ದಿನದ ಮುಂದೆ ಟಿಕೋಟಾದ ಮೇಲೆ ಕೆಂಪು ಬಣ್ಣ, 80 ಮಿಲಿಮೀಟರ್. ಎದೆ ಧಸಕ್ ಅಂತು. ಕೂಡಲೇ ಮಾಮಾಗೆ ಫೋನ್ ಮಾಡಿ ಹೆದರಿಸಿದೆ. ಅವನು ಸಾಲ ಹೇಳಿ ಎಣ್ಣೆ ತಂದು, ಬ್ಲೋವರ್ ಕರೆಸಿ, ಮೂರು ಎಕರೆಗೂ ಹೊಡೆಸಿದ. ಸುಳಿ ನಡುವೆ ಮನಸ್ಸು ಬದಲಿಸಿ ಈಶಾನ್ಯಕ್ಕೆ ಹೋಯಿತು. ಇಲ್ಲಿ ಹನಿಯೂ ಇಲ್ಲ. “ನಿನ್ನ ಮಳಿ ಢಾಕಾಕ್ಕ ಹೋತಲ್ಲೋ ಅಳಿಯಾ” ಅಂತ ಅವನು ಎರಡು ವರ್ಷ ಎಲ್ಲ ಮದುವೆಗಳಲ್ಲೂ ಹೇಳಿದ.

ಕಂಪ್ಯೂಟರ್ ಹೇಳುವ ಮಳೆ

ಆ ಆ್ಯಪ್ ಸುಳ್ಳು ಹೇಳಿರಲಿಲ್ಲ. ನಾನು ಓದಿದ್ದು ತಪ್ಪು.

ಹವಾಮಾನದ ಕಂಪ್ಯೂಟರ್ ಮಾದರಿಗಳು ಇಡೀ ವಾತಾವರಣವನ್ನು ಡಬ್ಬಿ ಡಬ್ಬಿಯಾಗಿ ಕತ್ತರಿಸುತ್ತವೆ. ಯುರೋಪಿನ ಮಾದರಿಯಲ್ಲಿ ಒಂದು ಡಬ್ಬಿ ಸುಮಾರು 9 ಕಿಲೋಮೀಟರ್ ಅಗಲ, ಅಮೆರಿಕದ ಜಿಎಫ್‌ಎಸ್‌ನಲ್ಲಿ ಸುಮಾರು 13. ವಿಜಯಪುರಕ್ಕೂ ಟಿಕೋಟಾಕ್ಕೂ ನಡುವೆ ಅಂಥ ಒಂದೆರಡು ಡಬ್ಬಿ ಹಿಡಿಸುತ್ತವೆ, ಅಷ್ಟೇ. ಪ್ರತಿ ಡಬ್ಬಿಯಲ್ಲಿ ಈಗ ಒತ್ತಡ ಎಷ್ಟು, ತೇವ ಎಷ್ಟು, ಗಾಳಿ ಎತ್ತ ಅಂತ ತುಂಬಿ, ಮುಂದಿನ ಕೆಲವು ನಿಮಿಷಕ್ಕೆ ಏನಾಗುತ್ತದೆ ಅಂತ ಲೆಕ್ಕ ಹಾಕುತ್ತದೆ. ಆ ಉತ್ತರ ಇಟ್ಟುಕೊಂಡು ಅದರ ಮುಂದಿನದು. ಹೀಗೆ ಹತ್ತು ಹದಿನೈದು ದಿನದ ತನಕ.

ತೊಡಕು ಇರುವುದು ‘ಈಗ’ ಅನ್ನುವಲ್ಲಿ. ನೆಲದ ಮೇಲೆ ಅಳತೆ ಕೇಂದ್ರಗಳಿವೆ. ಬಂಗಾಳಕೊಲ್ಲಿಯ ನಡುವೆ ಏನಿದೆ? ತೇಲುತ್ತ ಅಳತೆ ಮಾಡುವ ಕೆಲವು ಬಾಯ್ (buoy) ಉಪಕರಣಗಳು, ಹಾದು ಹೋಗುವ ಹಡಗುಗಳು. ಅಮೆರಿಕದವರಂತೆ ಚಂಡಮಾರುತದ ಒಳಗೆ ವಿಮಾನ ನುಗ್ಗಿಸುವ ಪದ್ಧತಿ ಇಲ್ಲಿಲ್ಲ. ಹೆಚ್ಚಿನದೆಲ್ಲ ಉಪಗ್ರಹದ ಅಂದಾಜು. ಗಾಳಿಯ ವೇಗವನ್ನೂ ಮೋಡದ ಸುರುಳಿಯ ಆಕಾರ ನೋಡಿ ಅಂದಾಜಿಸುತ್ತಾರೆ. ಡ್ವೊರಾಕ್ ವಿಧಾನ ಅನ್ನುವುದು ಇದಕ್ಕೇ. ಮೊದಲ ಲೆಕ್ಕದಲ್ಲಿ ಎಳ್ಳಷ್ಟು ತಪ್ಪಿದ್ದರೆ ಹತ್ತನೆಯ ದಿನಕ್ಕೆ ಅದು ನೂರಾರು ಕಿಲೋಮೀಟರ್ ತಪ್ಪಾಗಿ ಬೆಳೆಯುತ್ತದೆ. ಇನ್ನೂ ಸುಳಿಯೇ ಹುಟ್ಟದಿದ್ದಾಗ ಹಾಕುವ ಲೆಕ್ಕವಂತೂ ಹುಟ್ಟದ ಕೂಸಿಗೆ ಕುಲಾವಿ.

ಅದಕ್ಕಾಗಿ ಅವರೇ ಒಂದು ಉಪಾಯ ಮಾಡಿದ್ದಾರೆ. ಶುರುವಿನ ಅಂಕಿಗಳನ್ನು ಬೇಕಂತಲೇ ಚೂರು ಚೂರು ಬದಲಿಸಿ ಅದೇ ಲೆಕ್ಕವನ್ನು ಮತ್ತೆ ಮತ್ತೆ ಹಾಕುತ್ತಾರೆ. ಯುರೋಪಿನವರು 51 ಸಲ, ಅಮೆರಿಕದವರು 31 ಸಲ. ಪ್ರತಿ ಲೆಕ್ಕ ಹೇಳುವ ಸುಳಿಯ ದಾರಿ ನಕ್ಷೆಯ ಮೇಲೆ ಒಂದೊಂದು ಗೆರೆ. 51 ಗೆರೆಗಳೂ ಒಂದೇ ಕಡೆ ಹೋದರೆ ನಂಬಬಹುದು. ಬೀಸಣಿಗೆ ಬಿಚ್ಚಿದ ಹಾಗೆ ಶ್ರೀಲಂಕಾದಿಂದ ಬಾಂಗ್ಲಾದ ತನಕ ಹರಡಿದ್ದರೆ ‘ಇನ್ನೂ ಯಾರಿಗೂ ಗೊತ್ತಿಲ್ಲ’ ಅಂತ ಅರ್ಥ. ನಾನು ನೋಡಿದ ಆ 80 ಮಿಲಿಮೀಟರ್ ಒಂದೇ ಗೆರೆಯದು. ಮೊಬೈಲಿನ ಆ್ಯಪ್‌ಗಳು ಸಾಮಾನ್ಯವಾಗಿ ಆ ಒಂದು ಗೆರೆಯನ್ನೇ ತೋರಿಸಿ, ದೊಡ್ಡ ಅಕ್ಷರದಲ್ಲಿ ಅಂಕಿ ಬರೆದು ಸುಮ್ನೆ ಇದ್ದುಬಿಡುತ್ತವೆ. ಜ್ಯೋತಿಷಿಗಳಿಗಿಂತ ಧೈರ್ಯ ಜಾಸ್ತಿ ಅವಕ್ಕೆ.

ಈಗ ನನ್ನ ಲೆಕ್ಕ ಹೀಗೆ. ಹತ್ತು ದಿನ ಮುಂದಿನದು ಬರೀ ಕುತೂಹಲಕ್ಕೆ. ಐದು ದಿನ ಇರುವಾಗ ದಾರಿ ನೋಡುತ್ತೇನೆ. ಮಳೆ ಎಷ್ಟು ಅನ್ನುವ ಮಾತನ್ನು ಎರಡು ದಿನ ಇರುವ ತನಕ ಬಾಯಿಂದ ತೆಗೆಯುವುದಿಲ್ಲ. ರಾತ್ರಿ ಒಂಬತ್ತರ ಮೇಲೆ ಮೊಬೈಲ್ ಹಿಡಿದು ಕೂತರೆ ಮನೆಯಲ್ಲಿ ಬೈಗುಳ. ಆದರೆ ಏನು ಮಾಡುವುದು, ಸಂಜೆ ಐದೂವರೆಯ ಅಳತೆ ಇಟ್ಟುಕೊಂಡ ಜಿಎಫ್‌ಎಸ್ ಲೆಕ್ಕ ಹೊರಗೆ ಬರಲು ಶುರುವಾಗುವುದೇ ಆ ಹೊತ್ತಿಗೆ.

ದಾರಿ ಸರಿಯಾಗಿ ತಿಳಿದರೂ ವೇಗ ಕೈ ಕೊಡುತ್ತದೆ. 2023ರ ಮಿಚಾಂಗ್ ಡಿಸೆಂಬರ್ 5ರಂದು ಬಾಪಟ್ಲಾ ಹತ್ತಿರ ದಂಡೆ ದಾಟಿತು. ಆದರೆ ಅದಕ್ಕೂ ಮುಂಚೆ ಚೆನ್ನೈ ಪಕ್ಕದಲ್ಲಿ ದಂಡೆಗೆ ಸಮಾನಾಂತರವಾಗಿ ನಿಧಾನ ಸಾಗಿ, ದಂಡೆ ಮುಟ್ಟದೆಯೇ ಆ ನಗರವನ್ನು ಮುಳುಗಿಸಿತ್ತು. 2024ರ ಫೆಂಗಲ್ ನವೆಂಬರ್ 30ರ ರಾತ್ರಿ ಪುದುಚೇರಿ ಹತ್ತಿರ ನೆಲ ಹತ್ತಿ ತಾಸುಗಟ್ಟಲೆ ಅಲ್ಲೇ ನಿಂತುಬಿಟ್ಟಿತು. ಗಾಳಿಯ ಲೆಕ್ಕದಲ್ಲಿ ಸಣ್ಣ ಚಂಡಮಾರುತವೇ. ಆದರೂ ಪುದುಚೇರಿಯಲ್ಲಿ ಒಂದೇ ದಿನ 46 ಸೆಂಟಿಮೀಟರ್‌ಗಿಂತ ಜಾಸ್ತಿ ಮಳೆ. ನಮ್ಮ ಜಿಲ್ಲೆಗೆ ವರ್ಷಪೂರ್ತಿ ಬೀಳುವುದರ ಮುಕ್ಕಾಲು ಪಾಲು!

ಉಪಗ್ರಹ ಚಿತ್ರದ ಬಗ್ಗೆ ಎರಡೇ ಮಾತು. ನಮ್ಮ ಇನ್ಸಾಟ್-3ಡಿಆರ್, 2024ರ ಫೆಬ್ರವರಿಯಲ್ಲಿ ಹಾರಿದ ಇನ್ಸಾಟ್-3ಡಿಎಸ್ ಉಪಗ್ರಹಗಳ ಚಿತ್ರ ಯಾರು ಬೇಕಾದರೂ ನೋಡಬಹುದು. ಚಿತ್ರದ ಮೂಲೆಯ ಸಮಯಕ್ಕೆ ಐದೂವರೆ ತಾಸು ಕೂಡಿಸಿಕೊಳ್ಳಿ, ಅದು ಗ್ರೀನಿಚ್ ಸಮಯ. ಇನ್ನು ಇನ್‌ಫ್ರಾರೆಡ್ ಚಿತ್ರದಲ್ಲಿ ಬಿಳಿ ಅಂದರೆ ತಣ್ಣಗಿನ ಮೋಡದ ನೆತ್ತಿ. ಚಂಡಮಾರುತದ ನೆತ್ತಿಯಿಂದ ಹೊರಗೆ ಚೆಲ್ಲುವ ತೆಳು ಮೋಡ ಸಾವಿರ ಕಿಲೋಮೀಟರ್ ತನಕವೂ ಹರಡುತ್ತದೆ. ಅದೂ ಬಿಳಿಯಾಗೇ ಕಾಣುತ್ತದೆ, ಒಂದು ಹನಿಯೂ ಉದುರಿಸುವುದಿಲ್ಲ. ಹೊರಗೆ ಬಂದು ನೋಡಿ. ಸೂರ್ಯನ ಸುತ್ತ ಬಳೆ ಕಾಣುತ್ತಿದ್ದರೆ ಅದು ಆ ತೆಳು ಮೋಡ.

ಬಾರೋಮೀಟರ್ ಹುಚ್ಚು ಹಿಡಿದ ಹೊಸಬರಿಗೂ ಒಂದು ಕಿವಿಮಾತು. ಕೆಲವು ಮೊಬೈಲ್‌ಗಳಲ್ಲೇ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಇಂಡಿಯ ಗೆಳೆಯ ಒಂದು ರಾತ್ರಿ ಗಾಬರಿಯಿಂದ ಫೋನ್ ಮಾಡಿದ, “ನಮ್ಮಲ್ಲಿ 945 ತೋರಸಾಕತ್ತೈತಿ, ಸೂಪರ್ ಸೈಕ್ಲೋನ್ ಏನೋ!” 1999ರ ಒಡಿಶಾದ ಸೂಪರ್ ಸೈಕ್ಲೋನ್‌ನ ನಡುವೆ 912 ಹೆಕ್ಟೋಪಾಸ್ಕಲ್ ಇತ್ತು ಅಂತ ಎಲ್ಲೋ ಓದಿದ್ದ. ಅದು ಸಮುದ್ರ ಮಟ್ಟದ ಅಂಕಿ, ಎತ್ತರ ಏರಿದಂತೆ ಒತ್ತಡ ಇಳಿಯುತ್ತದೆ, ನಮ್ಮ ಕಡೆಯ ಎತ್ತರಕ್ಕೆ ದಿನಾ ಅದರ ಆಸುಪಾಸೇ ಇರುತ್ತದೆ ಮಾರಾಯ ಅಂತ ಸಮಾಧಾನ ಮಾಡಿದೆ. ಅಲ್ಲದೆ ಒತ್ತಡ ದಿನಕ್ಕೆ ಎರಡು ಸಲ ತಾನಾಗೇ ಏರಿ ಇಳಿಯುತ್ತದೆ. ಬೆಳಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಜಾಸ್ತಿ, ಬೆಳಗಿನ ಜಾವ ಮತ್ತು ಮಧ್ಯಾಹ್ನ ನಾಲ್ಕರ ಸುಮಾರಿಗೆ ಕಮ್ಮಿ. ಇವತ್ತಿನ ಹತ್ತು ಗಂಟೆಯದನ್ನು ನಿನ್ನೆಯ ಹತ್ತು ಗಂಟೆಯ ಜೊತೆಗೇ ಹೋಲಿಸಬೇಕು.

‘ಒಂದೆರಡು ಕಡೆ’ ಅಂದರೆ ಎಷ್ಟು ಕಡೆ?

ಇಲಾಖೆಯ ಮುನ್ಸೂಚನೆಯನ್ನು ಜನ ಬೈಯುವುದು ಹೆಚ್ಚಾಗಿ ಅದರ ಭಾಷೆ ತಿಳಿಯದೆ. ‘ಉತ್ತರ ಒಳನಾಡಿನ ಒಂದೆರಡು ಕಡೆ ಹಗುರ ಮಳೆ’ ಅಂತ ಬರುತ್ತದೆ. ನಮ್ಮೂರಲ್ಲಿ ಬರಲಿಲ್ಲ, ಸುಳ್ಳು ಹೇಳಿದರು ಅನ್ನುತ್ತೇವೆ. ಅಲ್ಲಿರುವ ಪ್ರತಿ ಪದಕ್ಕೂ ಅಳತೆ ಇದೆ. ಒಂದೆರಡು ಕಡೆ ಅಂದರೆ ನೂರು ಮಳೆಮಾಪಕ ಇದ್ದರೆ ಹೆಚ್ಚೆಂದರೆ 25ರಲ್ಲಿ ಮಳೆ. ಕೆಲವೆಡೆ ಅಂದರೆ 26ರಿಂದ 50. ಹಲವೆಡೆ ಅಂದರೆ 75ರ ತನಕ. ಬಹುತೇಕ ಕಡೆ ಅಂದರೆ ಅದಕ್ಕೂ ಮೇಲೆ. ಹಾಗೇ ಹಗುರ ಮಳೆ ಅಂದರೆ ದಿನಕ್ಕೆ 15.5 ಮಿಲಿಮೀಟರ್ ತನಕ, ಸಾಧಾರಣ ಅಂದರೆ 64.4ರ ತನಕ. ಭಾರೀ ಮಳೆ ಅನ್ನಬೇಕಾದರೆ 64.5 ಆಗಬೇಕು.

ಈಗ ಆ ಸಾಲನ್ನು ಮತ್ತೆ ಓದಿ. ‘ಒಂದೆರಡು ಕಡೆ ಹಗುರ ಮಳೆ’ ಅಂದರೆ ಟಿಕೋಟಾದಲ್ಲಿ ಮಳೆ ಬಾರದಿರುವ ಸಾಧ್ಯತೆಯೇ ಮುಕ್ಕಾಲು ಪಾಲು. ‘ಹಲವೆಡೆ’ ಅಂತ ಬದಲಾದ ದಿನ ನಾನು ಮಾಮಾಗೆ ಫೋನ್ ಮಾಡುತ್ತೇನೆ, ಅದಕ್ಕೆ ಮುಂಚೆ ಇಲ್ಲ. ಮಂಗಳವಾರ, ಶುಕ್ರವಾರ ಬರುವ ಕೃಷಿ ಹವಾಮಾನ ಸಲಹೆಯನ್ನೂ ನೋಡುತ್ತೇನೆ, ಯಾವ ಬೆಳೆಗೆ ಏನು ಮಾಡಬೇಕು ಅಂತ ಅದರಲ್ಲಿರುತ್ತದೆ. ಹವ್ಯಾಸಿಯ ಮಾತಿಗೂ ಇಲಾಖೆಯ ಎಚ್ಚರಿಕೆಗೂ ಜಗಳ ಬಿದ್ದರೆ ಇಲಾಖೆಯದನ್ನೇ ಹಿಡಿಯಿರಿ. ನಮ್ಮಂಥವರು ತಪ್ಪಿದರೆ ಮದುವೆಯಲ್ಲಿ ನಗುತ್ತಾರೆ, ಅಷ್ಟೇ. ಅವರ ಮೇಲೆ ಜೀವಗಳ ಹೊಣೆ ಇದೆ.

ಕೊನೆಯ ದಿನ

ಚಳಿ ಮುರಿದ ಆ ಬೆಳಗಿಗೆ ವಾಪಸ್ ಬರುತ್ತೇನೆ. ಗಾಳಿಗೆ ಬೆನ್ನು ಕೊಟ್ಟು ನಿಂತೆ. ಮೂಡಗಾಳಿ, ಎಡಗೈ ದಕ್ಷಿಣಕ್ಕೆ. ಸುಳಿ ತಮಿಳುನಾಡಿನಲ್ಲೇ ಇದೆ, ಮೇಲೆ ಬರುತ್ತಿಲ್ಲ. 51 ಗೆರೆಗಳಲ್ಲಿ ಹೆಚ್ಚಿನವು ಅದನ್ನು ಪಶ್ಚಿಮಕ್ಕೆ ಅರಬ್ಬಿ ಸಮುದ್ರದ ಕಡೆ ಕಳಿಸುತ್ತಿದ್ದವು. ನಮಗೆ ಕೈಯ ತುದಿ ಮಾತ್ರ.

ಇನ್ನು ಮೇಲೆ ಕಂಪ್ಯೂಟರ್ ಬೇಡ. ಗೆಳೆಯರು ಸಾಕು. ಮೂಡಗಾಳಿಯಲ್ಲಿ ಮೋಡ ಬರುವ ದಾರಿ ರಾಯಚೂರು, ಲಿಂಗಸುಗೂರು, ಮುದ್ದೇಬಿಹಾಳ, ಆಮೇಲೆ ನಾವು. ರಾಯಚೂರು ನೇರ ಗೆರೆಯಲ್ಲಿ ಸುಮಾರು 190 ಕಿಲೋಮೀಟರ್. ಕೆಳಮಟ್ಟದ ಮೋಡ ಗಂಟೆಗೆ 35 ಕಿಲೋಮೀಟರ್ ನಡೆದರೆ ಐದಾರು ತಾಸು. ಮಧ್ಯಾಹ್ನ ಒಂದಕ್ಕೆ ರಾಯಚೂರಿನವನು ಹೇಳಿದ, “ಜಿಟಿಜಿಟಿ ಶುರುವಾತು, ನೆಲ ನೆನೆಯೂವಷ್ಟು.” ನಾಲ್ಕಕ್ಕೆ ಮುದ್ದೇಬಿಹಾಳದವನು, “ಮೋಡ ಹಾಕೈತಿ, ಎರಡ ಹನಿ ಬಿದ್ದೂ ನಿಂತೈತಿ.” ದಾರಿಯಲ್ಲೇ ಸೊರಗುತ್ತಿದೆ ಅಂತ ಗೊತ್ತಾಯಿತು.

“ಮಾಮಾ, ರಾತ್ರಿ ಎಂಟರ ಮ್ಯಾಲೆ ಸ್ವಲ್ಪ ಬರಬಹುದ್ರಿ. ಜಾಸ್ತಿ ಇಲ್ಲ. ಈಗ ಹೊಡದರ ಒಣಗಾಕ ನಾಕ ತಾಸು ಸಿಗತಾವು.”

“ಎಷ್ಟ ಬರತೈತಿ?”

“ಐದ ಮಿಲಿಮೀಟರ್ ಒಳಗ.”

ಅವನು ಬ್ಲೋವರ್‌ನವನಿಗೆ ಫೋನ್ ಮಾಡಿದ.

ಮಾಳಿಗೆಯ ಮೇಲೆ ನನ್ನ ಮಳೆಮಾಪಕ ಇದೆ. ದೊಡ್ಡದೇನಲ್ಲ. ನೇರ ಗೋಡೆಯ ಡಬ್ಬಿ, ಒಳಗೆ ಒಂದು ಸ್ಕೇಲ್. ಬಾಯಿಯೂ ತಳವೂ ಒಂದೇ ಅಗಲ ಇರಬೇಕು, ಬಕೆಟ್ ಇಟ್ಟರೆ ಲೆಕ್ಕ ತಪ್ಪುತ್ತದೆ. ಒಂದು ಮಿಲಿಮೀಟರ್ ಅಂದರೆ ಒಂದು ಚದರ ಮೀಟರ್‌ಗೆ ಒಂದು ಲೀಟರ್. ಎಕರೆಗೆ ಸುಮಾರು 4,000 ಲೀಟರ್. ಇಲಾಖೆಯ ಮಳೆ ದಿನ ಬೆಳಗ್ಗೆ ಎಂಟೂವರೆಗೆ ಮುಗಿಯುತ್ತದೆ, ನಾನೂ ಅದೇ ಹೊತ್ತಿಗೆ ನೋಡುತ್ತೇನೆ.

ರಾತ್ರಿ ಒಂಬತ್ತರ ಸುಮಾರಿಗೆ ತಗಡಿನ ಮೇಲೆ ಸದ್ದು ಶುರುವಾಯಿತು. ಹತ್ತೂವರೆಗೆ ನಿಂತಿತು. ಮತ್ತೆ ಬೆಳಗಿನ ಜಾವ ಸ್ವಲ್ಪ. ಎಂಟೂವರೆಗೆ ಸ್ಕೇಲ್ ತೆಗೆದು ನೋಡಿದರೆ ಮೂರು ಮಿಲಿಮೀಟರ್, ಇನ್ನೊಂದು ಕೂದಲು ಮೇಲೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ದಾಟಿದರೆ ಅದು ಮಳೆ ದಿನ. ಪುಸ್ತಕದಲ್ಲಿ ಬರೆದುಕೊಂಡೆ.

ಟಿಕೋಟಾದಲ್ಲಿ ನಾಲ್ಕು ಬಿದ್ದಿತ್ತು, ಮಾಮಾನಿಗೂ ಒಂದು ಡಬ್ಬಿ ಕೊಟ್ಟಿದ್ದೇನೆ. “ನಾಕ ಮಿಲಿಮೀಟರ್‌ಗೆ ಇಷ್ಟ ದಿನ ನಿದ್ದಿ ಕೆಟ್ಟೇನೋ?” ಅಂದ. ಆಮೇಲೆ ದನಿ ತಗ್ಗಿಸಿ, “ಬಿಸಿಲ ಯಾವಾಗ ಬೀಳತೈತಿ ಹೇಳು, ಎಲಿ ಇನ್ನೂ ಹಸಿ ಐತಿ.”

ಸುಳಿ ಅರಬ್ಬಿ ಸಮುದ್ರಕ್ಕೆ ಇಳಿದ ಮೂರನೆಯ ದಿನ ಗಾಳಿ ಉತ್ತರಕ್ಕೆ ತಿರುಗಿತು. ಮೋಡ ಹರಿಯಿತು. ಬೆಳಗ್ಗೆ ಆರಕ್ಕೆ ಮಾಳಿಗೆಯಲ್ಲಿ 13 ಡಿಗ್ರಿ, ಸ್ವೆಟರ್ ಮತ್ತೆ ಹಾಕಿಕೊಂಡೆ. ಮಾಮಾನ ಫೋನ್ ಬರಲಿಲ್ಲ.